ಎಡಗಾಲು ಇಳಿಯಲಿಲ್ಲ

ವಿಮಾನ ರಿಪೇರಿಯ ಆ ಶೆಡ್ಡಿನಲ್ಲಿ ಅವನನ್ನು ಎಲ್ಲರೂ ಸೀಲಪ್ಪ ಅಂತಲೇ ಕರೆಯುತ್ತಿದ್ದರು. ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದುಕೊಂಡಿತ್ತು. ಅಂಗಿಯ ಜೇಬಿನಲ್ಲಿ ಹೆಬ್ಬೆರಳಿನ ಗಾತ್ರದ ಒಂದು ಸೀಲು ಸದಾ ಇರುತ್ತಿತ್ತು. ಅದರ ಮೇಲೆ ಅವನ ನಂಬರು. ಮೆಕ್ಯಾನಿಕ್ ಒಂದು ಕೆಲಸ ಮುಗಿಸಿದ ಮೇಲೆ ಇವನು ಹೋಗಿ ಕಣ್ಣಾರೆ ನೋಡಬೇಕು, ಕೈಯಾರೆ ಮುಟ್ಟಬೇಕು, ಎಲ್ಲ ಸರಿ ಇದ್ದರೆ ಕಾಗದದ ಮೇಲೆ ಸೀಲು ಒತ್ತಬೇಕು. ಅಲ್ಲಿಯವರೆಗೆ ಯಾವ ಮಂತ್ರಿ ಬಂದು ಕೂತರೂ ವಿಮಾನ ಕದಲುವಂತಿಲ್ಲ. ಒಬ್ಬ ಮಾಡಬೇಕು, ಇನ್ನೊಬ್ಬ ನೋಡಬೇಕು ಎನ್ನುವುದು ಆ ಕಸುಬಿನ ಮೊದಲ ಪಾಠ.

ಆ ಪಾಠವನ್ನು ಅವನಿಗೆ ಹೇಳಿಕೊಟ್ಟವರು ಅವನ ಭಾವ, ಅಕ್ಕನ ಗಂಡ. ಶೆಡ್ಡಿನಲ್ಲಿ ಅವರನ್ನು ಮೇಷ್ಟ್ರು ಎನ್ನುತ್ತಿದ್ದರು, ಯಾಕೆಂದರೆ ಅಲ್ಲಿ ಸ್ಪ್ಯಾನರ್ ಹಿಡಿದವರಲ್ಲಿ ಅರ್ಧಕ್ಕರ್ಧ ಜನ ಅವರ ಕೈಯಲ್ಲಿ ಪಳಗಿದವರು. ವಿಮಾನದ ಚಕ್ರಗಳು, ಚಕ್ರಗಳನ್ನು ಹೊತ್ತ ಉಕ್ಕಿನ ಕಾಲುಗಳು, ಆ ಕಾಲುಗಳನ್ನು ಮಡಚಿ ಒಳಗೆಳೆದುಕೊಳ್ಳುವ ಗೂಡುಗಳು, ಇಷ್ಟೇ ಅವರ ಪ್ರಪಂಚ. “ರೆಕ್ಕೆ, ಇಂಜಿನ್ನು ಎಲ್ಲಾ ಶೋಕಿಗೆ. ಎಷ್ಟೇ ಮೇಲೆ ಹಾರಿದ್ರೂ ಕೊನೆಗೆ ಕಾಲೂರಲೇಬೇಕಲ್ಲ” ಎಂದು ಹೊಸಬರಿಗೆ ಹೇಳುತ್ತಿದ್ದರು.

ಸೀಲಪ್ಪ ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಅಪ್ಪ ಸತ್ತ ಮೇಲೆ, ಒಂದು ತಗಡಿನ ಟ್ರಂಕು ಹಿಡಿದುಕೊಂಡು ಅಕ್ಕನ ಮನೆಗೆ ಬಂದವನು. ಪರೀಕ್ಷೆಯಲ್ಲಿ ಡುಮ್ಕಿ ಹೊಡೆದಿದ್ದ. ಭಾವ ಬೈಯಲಿಲ್ಲ. ಶೆಡ್ಡಿಗೆ ಕರೆದುಕೊಂಡು ಹೋಗಿ, ಒಂದು ತಟ್ಟೆ ತುಂಬ ನಟ್ಟು ಬೋಲ್ಟು ಸುರಿದು, ಅಕ್ಕಿ ಆರಿಸುವ ಹಾಗೆ ಆರಿಸಲು ಕೂರಿಸಿದರು. ಒಂದು ತಿಂಗಳು ಅದೇ ಕೆಲಸ. ತಿಂಗಳ ಕೊನೆಗೆ ಕಣ್ಣು ಮುಚ್ಚಿಕೊಂಡು ಬೆರಳಿನಿಂದಲೇ ಒಂದೊಂದರ ಅಳತೆ ಹೇಳುವಂತಾದಾಗ ಮಾತ್ರ ಮೊದಲ ಸ್ಪ್ಯಾನರ್ ಕೈಗೆ ಕೊಟ್ಟರು. ಇಪ್ಪತ್ತೆರಡು ವರ್ಷಗಳಲ್ಲಿ ಭಾಮೈದ ಮೆಟ್ಟಿಲು ಹತ್ತಿ ಇನ್‌ಸ್ಪೆಕ್ಟರ್ ಆದ, ಭಾವ ಮೆಕ್ಯಾನಿಕ್ ಆಗಿಯೇ ಉಳಿದರು. ಅದರ ಬಗ್ಗೆ ಅವರಿಗೆ ಬೇಸರವಿರಲಿಲ್ಲ. “ನಾನು ಮಾಡಿದ್ದನ್ನ ನೋಡೋಕೆ ನಾನೇ ಒಬ್ಬನನ್ನ ತಯಾರು ಮಾಡಬೇಕಾಯ್ತು” ಎಂದು ನಗುತ್ತಿದ್ದರು.

ಭಾವ ನಿವೃತ್ತರಾಗಲು ಏಳು ತಿಂಗಳಿದ್ದಾಗ ಅಕ್ಕ ಒಂದು ಭಾನುವಾರ ಅವನನ್ನು ಅಡುಗೆಮನೆಗೆ ಕರೆದಳು. ಭಾವ ಹೊರಗೆ ರೇಡಿಯೋ ಹಾಕಿಕೊಂಡು ಕೂತಿದ್ದರು. ಅಕ್ಕ ತರಕಾರಿ ಹೆಚ್ಚುತ್ತಾ, ತಲೆಯೆತ್ತದೆ ಹೇಳಿದಳು.

“ನಿನ್ನ ಭಾವನಿಗೆ ಕಣ್ಣು ಮಂಜಾಗಿದೆ ಕಣೋ.”

“ಎಷ್ಟು ದಿನದಿಂದ?”

“ವರ್ಷದ ಮೇಲಾಯ್ತು. ಮೊನ್ನೆ ಪಕ್ಕದ ಮನೆಯವಳನ್ನ ನಾನೇ ಅಂದ್ಕೊಂಡು, ಟವೆಲ್ ಎಲ್ಲಿಟ್ಟೆ ಅಂತ ರೇಗಿದ್ರು. ಅವಳು ಪಾಪ, ನಮ್ಮನೆ ಟವೆಲ್ ಹುಡುಕೋಕೆ ಹೊರಟಿದ್ದಳು.”

ಅವನಿಗೆ ನಗು ಬಂತು. ಅಕ್ಕ ನಗಲಿಲ್ಲ.

“ಡಾಕ್ಟರಿಗೆ ತೋರಿಸಿದ್ರಾ?”

“ಊರಾಚೆ ಒಬ್ಬರ ಹತ್ತಿರ ಕದ್ದು ತೋರಿಸಿಕೊಂಡು ಬಂದ್ವಿ. ಎರಡೂ ಕಣ್ಣಿಗೆ ಪೊರೆ. ಆಪರೇಷನ್ ಮಾಡಿಸಬೇಕು ಅಂದ್ರು. ಮಾಡಿಸಿದ್ರೆ ಕಂಪನಿಗೆ ಗೊತ್ತಾಗುತ್ತೆ. ಆಮೇಲೆ ಇವರನ್ನ ಗೋದಾಮಲ್ಲಿ ಪೆಟ್ಟಿಗೆ ಎಣಿಸೋಕೆ ಕೂರಿಸ್ತಾರೆ. ಮೂವತ್ತಾರು ವರ್ಷ ಆದ್ಮೇಲೆ. ಅವರು ಅದನ್ನ ತಡ್ಕೊಳ್ಳಲ್ಲ.”

“ಕಂಪನಿ ಪರೀಕ್ಷೇಲಿ ಪಾಸಾಗಿದ್ರಲ್ಲ?”

“ಬೋರ್ಡಿನ ಅಕ್ಷರ ಬಾಯಿಪಾಠ ಮಾಡಿಕೊಂಡು ಹೋಗಿದ್ರು. ನಾನೇ ಒಪ್ಪಿಸಿಕೊಂಡೆ.” ಅಕ್ಕ ಚಾಕು ಕೆಳಗಿಟ್ಟಳು. “ಏಳು ತಿಂಗಳು ಅಷ್ಟೇ. ಹೇಗೂ ಅವರು ಮಾಡಿದ್ದನ್ನ ನೀನು ನೋಡೇ ನೋಡ್ತೀಯ. ಇನ್ನೂ ಸ್ವಲ್ಪ ಚೆನ್ನಾಗಿ ನೋಡು. ಅವರಿಗೆ ಗೊತ್ತಾಗೋದು ಬೇಡ.”

ಅವನು ಆಗಲಿ ಎಂದ. ಬೇರೆ ಏನು ಹೇಳಬಹುದಿತ್ತು ಎಂದು ಆಮೇಲೆ ಎಷ್ಟೋ ಸಲ ಯೋಚಿಸಿದ. ಮದುವೆಯಾಗಿ ಬೇರೆ ಮನೆ ಮಾಡುವವರೆಗೆ ಆ ಅಡುಗೆಮನೆಯಲ್ಲಿ ಹತ್ತು ವರ್ಷ ಉಂಡವನು ಅವನು.

ನಾಲ್ಕು ತಿಂಗಳು ಮಾತು ಉಳಿಸಿಕೊಂಡ. ಭಾವ ಕೆಲಸ ಮುಗಿಸಿ ಕೈ ಒರೆಸಿಕೊಳ್ಳುತ್ತಾ ಟೀಗೆ ಹೋದರೆ, ಇವನು ಟಾರ್ಚು, ಕನ್ನಡಿ ಹಿಡಿದು ವಿಮಾನದ ಹೊಟ್ಟೆಯ ಕೆಳಗೆ ತೂರಿಕೊಳ್ಳುತ್ತಿದ್ದ. ಹೆಚ್ಚಾಗಿ ಎಲ್ಲವೂ ಸರಿಯಾಗಿಯೇ ಇರುತ್ತಿತ್ತು. ಆ ಕೈಗಳಿಗೆ ಕಣ್ಣಿನ ಹಂಗು ಅಷ್ಟಾಗಿ ಇರಲಿಲ್ಲ. ಎರಡು ಸಲ ಮಾತ್ರ ತಪ್ಪು ಸಿಕ್ಕಿತು: ಒಂದು ಪಟ್ಟಿ ತಿರುಗುಮುರುಗಾಗಿತ್ತು, ಒಂದು ಕೊಳವೆಯ ಮುಚ್ಚಳ ಪೂರ್ತಿ ಬಿಗಿದಿರಲಿಲ್ಲ. ತಾನೇ ಸರಿಮಾಡಿ ಸೀಲು ಒತ್ತಿದ. ಯಾರಿಗೂ ಹೇಳಲಿಲ್ಲ.

ಐದನೆಯ ತಿಂಗಳಲ್ಲಿ ಭಾವ ಅವನನ್ನು ಹಿಡಿದರು. ಟೀಗೆ ಹೊರಟವರು ಕನ್ನಡಕ ಮರೆತು ವಾಪಸು ಬಂದಿದ್ದರು. ಭಾಮೈದ ಮಲಗಿಕೊಂಡು, ತಾವು ಆಗಷ್ಟೇ ಬಿಗಿದ ನಟ್ಟಿಗೆ ಸ್ಪ್ಯಾನರ್ ಹಾಕಿ ನೋಡುತ್ತಿದ್ದ.

“ಏನು ಮಾಡ್ತಿದೀಯ?”

“ಸುಮ್ನೆ ನೋಡ್ತಿದ್ದೆ ಭಾವ.”

“ನೋಡೋದು ನಿನ್ನ ಕೆಲಸ. ಬಿಗಿಯೋದು ನನ್ನ ಕೆಲಸ. ನಾನು ಬಿಗಿದಿದ್ದನ್ನ ಮತ್ತೆ ಬಿಗೀತಿದೀಯಲ್ಲ, ಯಾಕೆ?”

ಟೀ ಕುಡಿಯುತ್ತಿದ್ದ ಏಳೆಂಟು ಜನ ಇತ್ತ ತಿರುಗಿದರು. ಅವನು ಎದ್ದು ನಿಂತ.

“ಈ ಕೈಗೆ ಸ್ಪ್ಯಾನರ್ ಕೊಟ್ಟವನು ನಾನು” ಎಂದರು ಭಾವ, ಅವನ ಮಣಿಕಟ್ಟು ಹಿಡಿದೆತ್ತಿ ಎಲ್ಲರಿಗೂ ತೋರಿಸುತ್ತಾ. ದನಿ ಏರಿರಲಿಲ್ಲ. “ನನ್ನ ಕೆಲಸದ ಮೇಲೆ ಅನುಮಾನ ಇದ್ರೆ ಮ್ಯಾನೇಜರ್ ಹತ್ತಿರ ಹೋಗು. ಬರೆದುಕೊಡು. ಕಳ್ಳನ ಹಾಗೆ ಹಿಂದಿನಿಂದ ಬರಬೇಡ.”

ಯಾರೋ ಕೆಮ್ಮಿದರು. ಸೀಲಪ್ಪ ಸ್ಪ್ಯಾನರನ್ನು ಪೆಟ್ಟಿಗೆಗೆ ಹಾಕಿ ತನ್ನ ಮೇಜಿಗೆ ಹೋದ. ಅಂದು ಸಂಜೆ ಅಕ್ಕ ಫೋನು ಮಾಡಿ, “ಏನಾಯ್ತೋ? ಇವರು ಊಟ ಬಿಟ್ಟು ಮಲಗಿದ್ದಾರೆ” ಎಂದಳು. ಅವನು ಏನೂ ಇಲ್ಲ ಎಂದ.

ಅದಾಗಿ ನಾಲ್ಕು ದಿನಕ್ಕೆ, ಎರಡು ಪ್ರೊಪೆಲ್ಲರಿನ ಒಂದು ಸಣ್ಣ ಪ್ರಯಾಣಿಕ ವಿಮಾನ ಶೆಡ್ಡಿಗೆ ಬಂತು. ರೆಕ್ಕೆಯಡಿ ಎಡಗಾಲು ಮಡಚಿಕೊಳ್ಳುವ ಗೂಡಿಗೆ ಒಂದು ಬಾಗಿಲಿದೆ. ಕಾಲು ಇಳಿಯುವಾಗ ಬಾಗಿಲನ್ನು ತಳ್ಳಿ ತೆರೆಯಲು ಕಾಲಿಗೂ ಬಾಗಿಲಿಗೂ ನಡುವೆ ಮೊಳದುದ್ದದ ಒಂದು ಸರಳು. ಸರಳು ಸವೆದಿತ್ತು. ಭಾವ ಹಳೆಯದನ್ನು ತೆಗೆದು ಹೊಸದು ಹಾಕಿದರು. ಸರಳನ್ನು ಹಿಡಿದಿಡುವುದು ಒಂದು ಬೋಲ್ಟು, ಬೋಲ್ಟಿಗೆ ಒಂದು ನಟ್ಟು, ಆ ನಟ್ಟು ಅದುರಿ ಅದುರಿ ಬಿಚ್ಚಿಕೊಳ್ಳದಂತೆ ಅಡ್ಡಲಾಗಿ ತೂರಿಸಿ ಬಾಗಿಸುವ ಒಂದು ತಂತಿಯ ಪಿನ್ನು. ಪಿನ್ನು ಬೆಂಕಿಕಡ್ಡಿಗಿಂತ ದಪ್ಪವಿಲ್ಲ.

ಮಧ್ಯಾಹ್ನ ಮೂರಕ್ಕೆ ಭಾವ ಕಾಗದ ಹಿಡಿದು ಅವನ ಮೇಜಿನ ಹತ್ತಿರ ಬಂದರು. ನಾಲ್ಕು ದಿನದಿಂದ ಅವರಿಬ್ಬರ ನಡುವೆ ಮಾತಿರಲಿಲ್ಲ.

“ಮುಗೀತು. ಹೋಗಿ ನೋಡು” ಎಂದರು. ಆಮೇಲೆ, “ನೋಡ್ತೀಯಲ್ಲ, ಟಾರ್ಚ್ ತಗೊಂಡು ಹೋಗು” ಎಂದು ಸೇರಿಸಿದರು. ಪಕ್ಕದಲ್ಲಿದ್ದ ಇಬ್ಬರು ನಕ್ಕರು.

ಸೀಲಪ್ಪ ಎದ್ದೇಳಲಿಲ್ಲ. “ನೀವು ಮಾಡಿದ್ದೀರಲ್ಲ ಭಾವ, ನೋಡೋದೇನಿದೆ” ಎಂದು ಜೇಬಿನಿಂದ ಸೀಲು ತೆಗೆದು, ಕೂತಲ್ಲೇ ಒತ್ತಿದ. ಭಾವ ಕಾಗದ ವಾಪಸು ತೆಗೆದುಕೊಂಡರು. ಅವರ ಮುಖ ಸಡಿಲವಾಯಿತು. ಅವನ ಹೆಗಲು ತಟ್ಟಿ ಹೋದರು. ಅವನಿಗೂ ಎದೆಯ ಮೇಲಿನ ಭಾರ ಇಳಿದಂತಾಯಿತು. ಆ ಸಂಜೆ ಅಕ್ಕನ ಮನೆಗೆ ಹೋಗಿ ಊಟ ಮಾಡಿಕೊಂಡು ಬಂದ.

ವಿಮಾನ ಮರುದಿನ ಹಾರಿತು. ಮೂರು ದಿನಗಳಲ್ಲಿ ಹತ್ತು ಸಲ ಏರಿ ಇಳಿಯಿತು. ಹನ್ನೊಂದನೆಯ ಸಲ, ಮಧ್ಯಾಹ್ನ ಒಂದೂವರೆಗೆ, ಅದೇ ನಿಲ್ದಾಣಕ್ಕೆ ಇಳಿಯಲು ಬಂದಾಗ ಬಲಗಾಲು, ಮೂಗಿನ ಚಕ್ರ ಎರಡೂ ಇಳಿದವು. ಎಡಗಾಲು ಇಳಿಯಲಿಲ್ಲ.

ಟವರಿನಿಂದ ಶೆಡ್ಡಿಗೆ ಫೋನು ಬಂತು: ಚಕ್ರದ ವಿಷಯ ಗೊತ್ತಿರುವವರನ್ನು ಕೂಡಲೇ ಕಳಿಸಿ. ಮ್ಯಾನೇಜರ್ ಸೀಲಪ್ಪನನ್ನು ಜೀಪಿಗೆ ಹತ್ತಿಸಿದ. ಟವರಿನ ಮೆಟ್ಟಿಲು ಏರುವಾಗ ವಿಮಾನದ ನಂಬರು ಕೇಳಿದ, ತಾನು ಸೀಲು ಒತ್ತಿದ್ದೇ. ಸರಳು ಅಲ್ಲದೆ ಬೇರೆ ಏನಾದರೂ ಆಗಿರಬಹುದು ಎಂದು ತನಗೆ ತಾನೇ ಹೇಳಿಕೊಂಡ.

ಟವರಿನ ಅಧಿಕಾರಿ ಅವನ ಕೈಗೆ ಬೈನಾಕ್ಯುಲರ್ ಕೊಟ್ಟ. ವಿಮಾನ ಟವರಿನ ಪಕ್ಕದಲ್ಲೇ ತಗ್ಗಿ ನಿಧಾನವಾಗಿ ಹಾದುಹೋಯಿತು. ಎಡಗಡೆಯ ಬಾಗಿಲು ಅರ್ಧ ತೆರೆದಿತ್ತು. ಅದರ ಸಂದಿಯಿಂದ ಸರಳಿನ ಒಂದು ತುದಿ ಹೊರಗೆ ನೇತಾಡುತ್ತಿತ್ತು, ಇನ್ನೊಂದು ತುದಿ ಒಳಗೆ ಕಾಲಿಗೆ ಅಡ್ಡ ಸಿಕ್ಕಿಕೊಂಡಿತ್ತು. ಬೋಲ್ಟು ಇರಲಿಲ್ಲ. ಅವನು ಬೈನಾಕ್ಯುಲರ್ ಇಳಿಸಿದ. ಗಾಜಿನಾಚೆ ಕೆಳಗೆ, ಶೆಡ್ಡಿನವರೆಲ್ಲ ಹೊರಗೆ ಬಂದು ಕೈ ಅಡ್ಡ ಹಿಡಿದು ಆಕಾಶ ನೋಡುತ್ತಿದ್ದರು. ಅವರ ನಡುವೆ ಭಾವ ಇದ್ದರು. ವಿಮಾನ ಇದ್ದ ದಿಕ್ಕಿಗಲ್ಲ, ಸ್ವಲ್ಪ ಬೇರೆ ಕಡೆಗೆ ನೋಡುತ್ತಿದ್ದರು.

ಅಧಿಕಾರಿ ಮೈಕನ್ನು ಅವನ ಮುಂದೆ ತಳ್ಳಿದ. ಕ್ಯಾಪ್ಟನ್ ಹೆಂಗಸು. ದನಿ ಬ್ಯಾಂಕಿನ ಕೌಂಟರಿನಲ್ಲಿ ಕೂತವರ ಹಾಗೆ ನಿರಾಳವಾಗಿತ್ತು.

“ಏನು ಕಾಣಿಸ್ತಿದೆ ಹೇಳಿ.”

“ಬಾಗಿಲಿನ ಸರಳು ಕಳಚಿ ಕಾಲಿಗೆ ಅಡ್ಡ ಬಿದ್ದಿದೆ ಮೇಡಂ.”

“ಕಾಲು ಇಳಿಸೋ ತುರ್ತು ಹಿಡಿ ಎರಡು ಸಲ ಎಳೆದಾಯ್ತು. ಕದಲ್ತಿಲ್ಲ.”

“ಬಲಗಾಲನ್ನ ಮಾತ್ರ ರನ್‌ವೇಗೆ ಜೋರಾಗಿ ಒಮ್ಮೆ ತಾಗಿಸಿ ಮೇಲೇಳೋಕಾಗುತ್ತಾ? ಆ ಏಟಿಗೆ ಸರಳು ಬಿದ್ದುಹೋಗಬಹುದು.”

ಆಕೆ ಹಾಗೆಯೇ ಮಾಡಿದಳು. ಚಕ್ರ ತಾಗಿದಲ್ಲಿ ಬಿಳಿ ಹೊಗೆ ಎದ್ದಿತು. ಸರಳು ಬೀಳಲಿಲ್ಲ. ಇನ್ನೊಂದು ಸಲ ಮಾಡಿದಳು, ಆಗಲೂ ಬೀಳಲಿಲ್ಲ. ಎಲ್ಲ ಕಾಲು ಮಡಚಿ ಹೊಟ್ಟೆಯ ಮೇಲೆ ಇಳಿಯೋಣವೆಂದರೆ ಬಲಗಾಲು ಈಗ ವಾಪಸು ಮಡಚಿಕೊಳ್ಳಲು ಒಪ್ಪಲಿಲ್ಲ. ಇಂಧನ ಇಳಿಯುತ್ತಾ ಬಂತು. ಬಲಗಾಲಿನ ಮೇಲೆ ಆದಷ್ಟು ಹೊತ್ತು ಓಡಿಸಿ, ವೇಗ ತಗ್ಗಿದ ಮೇಲೆ ಎಡ ರೆಕ್ಕೆಯನ್ನು ನೆಲಕ್ಕೆ ಬಿಡುವುದು ಎಂದು ತೀರ್ಮಾನವಾಯಿತು.

“ಎಡಗಡೆ ಪ್ರೊಪೆಲ್ಲರ್ ನೆಲಕ್ಕೆ ಬಡಿದು ಮುರಿಯುತ್ತೆ ಮೇಡಂ” ಎಂದ ಅವನು. “ಅದರ ನೇರಕ್ಕಿರೋ ಎರಡು ಸಾಲು ಖಾಲಿ ಮಾಡಿಸಿ.”

ಆಕೆ ಯಾರನ್ನೋ ವಿಚಾರಿಸಿದ್ದು ರೇಡಿಯೋದಲ್ಲಿ ಕೇಳಿಸಿತು. ಆಮೇಲೆ ಆಕೆ ಹೇಳಿದಳು: “ಆ ಎರಡು ಸಾಲಲ್ಲಿ ಎಂಟು ಜನ ಇದ್ದಾರೆ. ಖಾಲಿ ಇರೋ ಸೀಟು ಐದು.”

ಸೀಲಪ್ಪ ಮೈಕಿನತ್ತ ಬಾಗಿದ.

“ಉಳಿದ ಮೂವರನ್ನ ಬಲಗಡೆ ಕೂರಿಸಿ. ತಲೆ ತಗ್ಗಿಸಿ ಕೂತಿರಲಿ.”

“ಆಯ್ತು” ಎಂದಳು ಕ್ಯಾಪ್ಟನ್. “ನೀವೇ ಅಲ್ವಾ ಇದನ್ನ ನೋಡಿದ್ದು? ಕಾಗದದಲ್ಲಿ ನಿಮ್ಮ ಸೀಲಿದೆ ಅಂತ ಟವರಿನವರು ಹೇಳಿದ್ರು.”

“ಹೌದು” ಎಂದ ಅವನು.

“ಸರಿ. ಮತ್ತೆ ಸಿಗೋಣ” ಎಂದಳು, ಅಷ್ಟೇ.

ವಿಮಾನ ಇಳಿಯಿತು. ಬಲಗಾಲಿನ ಮೇಲೆ, ಕುಂಟಾಟ ಆಡುವ ಮಗುವಿನ ಹಾಗೆ, ನಂಬಲಾಗದಷ್ಟು ಹೊತ್ತು ನೆಟ್ಟಗೆ ಓಡಿತು. ನಂತರ ಎಡ ರೆಕ್ಕೆ ಮೆಲ್ಲಗೆ ವಾಲಿತು. ಇಂಜಿನ್ ಆರಿಸಿದ್ದರೂ ಪ್ರೊಪೆಲ್ಲರ್ ಇನ್ನೂ ಸುತ್ತುತ್ತಿತ್ತು. ಅದು ನೆಲಕ್ಕೆ ತಾಗಿದ ಸದ್ದು ಟವರಿನ ಗಾಜನ್ನು ಅದುರಿಸಿತು. ಕಿಡಿಗಳ ಒಂದು ಪಟ್ಟಿ, ಗಿರಕಿ ಹೊಡೆದ ವಿಮಾನ, ಹುಲ್ಲಿನ ಮೇಲೆ ಮಣ್ಣು, ಆಮೇಲೆ ರೆಕ್ಕೆಯ ಬುಡದಲ್ಲಿ ಬೆಂಕಿ. ಬೆಂಕಿಯ ಗಾಡಿಗಳು ಅದಾಗಲೇ ಓಡುತ್ತಿದ್ದವು. ಹಿಂಬಾಗಿಲಿನಿಂದ ಜನ ಜಾರಿ ಜಾರಿ ಬಿದ್ದು ಓಡುವುದನ್ನು ಅವನು ಎಣಿಸತೊಡಗಿದ. ಹೊಗೆ ಅಡ್ಡ ಬಂದು ಎಣಿಕೆ ತಪ್ಪಿತು.

ಐವತ್ತೊಂಬತ್ತು ಜನರಲ್ಲಿ ಐವತ್ತೇಳು ಜನ ಬದುಕಿದರು. ಪ್ರೊಪೆಲ್ಲರಿನ ಒಂದು ಚೂರು ಗೋಡೆ ಸೀಳಿ ಬಂದು, ಬಲಗಡೆ ತಲೆ ತಗ್ಗಿಸಿ ಕೂತಿದ್ದ ಒಬ್ಬ ಹೆಂಗಸಿಗೆ ತಾಗಿತ್ತು. ಅವಳು ನರ್ಸು, ಮೂವತ್ತನಾಲ್ಕು ವರ್ಷ, ತಾಯಿಯನ್ನು ನೋಡಿಕೊಂಡು ಮನೆಗೆ ಹೊರಟವಳು. ಅವಳಿಗೆ ಹಿಂದೆ ಸೀಟು ಸಿಕ್ಕಿತ್ತಂತೆ, ಒಬ್ಬ ಮುದುಕಿಗೆ ಬಿಟ್ಟುಕೊಟ್ಟಳಂತೆ. ಇನ್ನೊಬ್ಬ, ಬಡಗಿ, ಹೊಗೆ ಕುಡಿದು ನಾಲ್ಕನೆಯ ದಿನ ಆಸ್ಪತ್ರೆಯಲ್ಲಿ ತೀರಿಕೊಂಡ. ಎಡಬದಿ ಸುಟ್ಟ ವಿಮಾನದಲ್ಲಿ ಸರಳು ಸಿಕ್ಕಿತು. ಬೋಲ್ಟು, ನಟ್ಟು ಸಿಗಲಿಲ್ಲ. ಅವು ದಾರಿಯಲ್ಲೆಲ್ಲೋ, ಯಾರದೋ ಹೊಲಕ್ಕೋ ಕೆರೆಗೋ ಬಿದ್ದುಹೋಗಿದ್ದವು.

ಅಪಘಾತದ ಐದನೆಯ ದಿನ ಮ್ಯಾನೇಜರ್ ಸೀಲಪ್ಪನನ್ನು ಕೋಣೆಗೆ ಕರೆದು ಬಾಗಿಲು ಹಾಕಿಕೊಂಡ.

“ಬೋಲ್ಟ್ ಸಿಗೋದಿಲ್ಲ ಅಂತ ತನಿಖೆಯವರೇ ಹೇಳ್ತಿದ್ದಾರೆ. ಬೋಲ್ಟಲ್ಲೇ ಬಿರುಕಿತ್ತೋ ಏನೋ ಯಾರು ಕಂಡಿದ್ದಾರೆ. ನೀವು ನೋಡಿದಾಗ ಪಿನ್ನಿತ್ತು, ಅಲ್ವಾ?”

ಅವನು ಮೇಜಿನ ಮೇಲಿದ್ದ ಕಾಗದದಲ್ಲಿ ತನ್ನ ಸೀಲು ನೋಡಿದ.

“ನಾನು ಏನನ್ನೂ ಹೇಳಿಕೊಡ್ತಿಲ್ಲ” ಎಂದ ಮ್ಯಾನೇಜರ್. “ನೆನಪು ಮಾಡಿಕೊಳ್ಳಿ ಅಂದೆ ಅಷ್ಟೇ. ನೂರಾರು ಜನರ ಅನ್ನದ ಪ್ರಶ್ನೆ.”

ಆ ಸಂಜೆ ಅವನು ಅಕ್ಕನ ಮನೆಗೆ ಹೋದ. ಭಾವ ಊಟದ ಮೇಜಿನ ಮುಂದೆ ಕೂತಿದ್ದರು. ಮೇಜಿನ ಮೇಲೆ ಹಳೆಯ ಪೇಪರು ಹಾಸಿ, ಅದರ ಮೇಲೆ ಒಂದು ಬೋಲ್ಟು, ನಟ್ಟು, ಒಂದು ಹಿಡಿ ಪಿನ್ನುಗಳು, ಇಕ್ಕಳ.

“ಕೂತ್ಕೋ” ಎಂದರು. “ನಾನು ಹಾಕಿದ್ದೆ. ನನಗೆ ಚೆನ್ನಾಗಿ ನೆನಪಿದೆ. ಪಿನ್ನಿನ ಕಾಲು ಬಾಗಿಸಿದ್ದು ಬೆರಳಿಗೆ ಈಗಲೂ ಗೊತ್ತಾಗ್ತಿದೆ. ನೀನೇ ನೋಡು.”

ಬೋಲ್ಟಿಗೆ ನಟ್ಟು ತಿರುಗಿಸಿದರು. ಮೇಜಿನ ಮೇಲೆ ದೀಪ ಉರಿಯುತ್ತಿತ್ತು, ಆದರೂ ಅವರು ಕಣ್ಣು ಕಿರಿದು ಮಾಡಲಿಲ್ಲ, ನೋಡಲು ಪ್ರಯತ್ನಿಸಲೇ ಇಲ್ಲ. ಹೆಬ್ಬೆರಳಿನ ತುದಿಯಿಂದ ತಡಕಿ ಪಿನ್ನು ತೂರಿಸಿ, ಇಕ್ಕಳದಿಂದ ಅದರ ಎರಡು ಕಾಲನ್ನು ಬೇರೆ ಬೇರೆ ಕಡೆಗೆ ಬಾಗಿಸಿದರು. ಅರ್ಧ ನಿಮಿಷವೂ ಹಿಡಿಯಲಿಲ್ಲ. ಅಷ್ಟು ಚಂದದ ಕೈಕೆಲಸ. ಮುಗಿಸಿ ಅವನತ್ತ ತಳ್ಳಿದರು.

“ಹೇಳು ಈಗ.”

ಪಿನ್ನು ಬೋಲ್ಟಿನ ತೂತಿನೊಳಗೆ ಹೋಗಿರಲಿಲ್ಲ. ನಟ್ಟಿನ ಮೇಲಿನ ಗೀರಿನಲ್ಲಿ ಕೂತು, ಬೋಲ್ಟಿನ ಪಕ್ಕದಿಂದ ಹಾದು, ಆಚೆ ಕಡೆ ಬಾಗಿತ್ತು. ಮುಟ್ಟಿದರೆ ಭದ್ರವಾಗಿಯೇ ಇತ್ತು. ಅವನು ನಟ್ಟನ್ನು ಎರಡು ಬೆರಳಲ್ಲಿ ತಿರುಗಿಸಿದ. ಪಿನ್ನು ಕಳಚಿ ಪೇಪರಿನ ಮೇಲೆ ಬಿತ್ತು.

ಅಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ತಮ್ಮನಿಗೆ ಕಣ್ಣಲ್ಲೇ ಬೇಡ ಎಂದಳು.

“ಇಲ್ಲ ಭಾವ” ಎಂದ ಅವನು. “ಒಳಗೆ ಹೋಗಿಲ್ಲ.”

ಭಾವ ಬಿದ್ದ ಪಿನ್ನನ್ನು ತಡಕಿ ಎತ್ತಿಕೊಂಡರು. ಬಹಳ ಹೊತ್ತು ಬೆರಳುಗಳ ನಡುವೆ ಹೊರಳಿಸಿದರು.

“ಮೇಜಿನ ಮೇಲಿನ ಮಾತು ಬೇರೆ” ಎಂದರು ಕೊನೆಗೆ. “ವಿಮಾನದ ಕೆಳಗೆ ಬೇರೆ. ಅಲ್ಲಿ ನನ್ನ ಕೈ ತಪ್ಪಲ್ಲ.” ಎದ್ದು, ಗೋಡೆ ಹಿಡಿದು ಕೋಣೆಗೆ ಹೋದರು.

ಅಕ್ಕ ಅವರ ಕುರ್ಚಿಯಲ್ಲಿ ಕೂತಳು.

“ನೀನು ನೋಡಿದ್ದೆ ಅಂತ ಹೇಳಿಬಿಡು” ಎಂದಳು. “ಬೋಲ್ಟ್ ಇಲ್ಲ. ಕಂಡವರು ಯಾರೂ ಇಲ್ಲ. ಸತ್ತವರು ಎದ್ದು ಬರ್ತಾರಾ?”

“ನಾನು ನೋಡಿಲ್ಲ ಅಕ್ಕ. ಕೂತ ಕಡೆಯಿಂದ ಏಳಲಿಲ್ಲ.”

“ಅದು ನನಗೂ ಗೊತ್ತು. ನಿನ್ನ ಮುಖ ನೋಡಿದ್ರೇ ಗೊತ್ತಾಗುತ್ತೆ.” ಅಕ್ಕ ಪಿನ್ನುಗಳನ್ನೆಲ್ಲ ಪೇಪರಿನಲ್ಲಿ ಮುದುಡಿ ಕಟ್ಟಿದಳು. “ನಿನ್ನ ಬಗ್ಗೆ ಬೇಕಾದ್ದು ಹೇಳ್ಕೋ. ಕಣ್ಣಿನ ವಿಷಯ ಎತ್ತಬೇಡ. ಅದು ನಾನು ನಿನ್ನನ್ನ ನಂಬಿ ಹೇಳಿದ್ದು.”

ಮೂರು ವಾರದ ಮೇಲೆ ವಿಚಾರಣೆ ನಡೆಯಿತು. ಉದ್ದನೆಯ ಹಾಲು, ಮೇಲೆ ಸುತ್ತುವ ಫ್ಯಾನುಗಳು, ಹಿಂದಿನ ಕುರ್ಚಿಗಳಲ್ಲಿ ಪ್ರಯಾಣಿಕರು ಮತ್ತು ಸತ್ತವರ ಮನೆಯವರು. ಅಕ್ಕ, ಭಾವ ಮೂರನೆಯ ಸಾಲಿನಲ್ಲಿ ಕೂತಿದ್ದರು. ತನಿಖಾಧಿಕಾರಿ ಬಿಳಿಗೂದಲ ಹೆಂಗಸು. ಪ್ರತಿ ಪ್ರಶ್ನೆಯನ್ನೂ ಕೇಳಿ, ಉತ್ತರ ಬರೆದುಕೊಂಡು, ಪೆನ್ನಿಟ್ಟು, ಆಮೇಲೆ ಮುಂದಿನದು ಕೇಳುತ್ತಿದ್ದರು.

“ಸರಳು ಹಾಕಿದ ಮೇಲೆ ನೀವು ಹೋಗಿ ನೋಡಿದಿರಾ?”

“ಇಲ್ಲ.”

ಹಾಲಿನಲ್ಲಿ ಕುರ್ಚಿಗಳು ಸರಿದ ಸದ್ದಾಯಿತು. ಮ್ಯಾನೇಜರ್ ಕಿಟಕಿಯತ್ತ ತಿರುಗಿದ.

“ಸೀಲು ನಿಮ್ಮದೇ ಅಲ್ಲವೇ?”

“ನನ್ನದೇ. ಮೇಜಿನ ಮುಂದೆ ಕೂತು ಒತ್ತಿದೆ.”

“ಯಾಕೆ ನೋಡಲಿಲ್ಲ?”

ಸೀಲು ಒತ್ತುವ ನಾಲ್ಕು ದಿನ ಮೊದಲು ನಡೆದ ಜಗಳವನ್ನು ಹೇಳಿದ. ನಾಚಿಕೆಯಾಗಿತ್ತು ಎಂದ. ಎಲ್ಲರ ಮುಂದೆ ಮತ್ತೆ ಆ ಮಾತು ಕೇಳಿಸಿಕೊಳ್ಳಲು ಮನಸ್ಸಿರಲಿಲ್ಲ ಎಂದ. ಅಧಿಕಾರಿ ಬರೆದುಕೊಂಡರು. ಪೆನ್ನಿಟ್ಟರು.

“ಎಲ್ಲ ಇನ್‌ಸ್ಪೆಕ್ಟರುಗಳೂ ನೋಡುತ್ತಾರೆ. ಆ ಜಗಳದ ದಿನ ನೀವು ನೋಡಿದ್ದಷ್ಟೇ ಅಲ್ಲ, ಅವರ ಕೆಲಸಕ್ಕೆ ಮತ್ತೆ ಸ್ಪ್ಯಾನರ್ ಹಾಕಿದ್ದಿರಿ. ಅವರ ಕೆಲಸದ ಮೇಲೆ ನಿಮಗೆ ಅನುಮಾನ ಬರಲು ಕಾರಣವಿತ್ತೇ?”

ಅವನು ಮೂರನೆಯ ಸಾಲನ್ನು ನೋಡಲಿಲ್ಲ. ನೋಡಿದ್ದರೆ ಹೇಳಲಾಗುತ್ತಿರಲಿಲ್ಲ. ಕಾರಣವಿಲ್ಲ ಎಂದರೆ ಮುಗಿಯುತ್ತಿತ್ತು, ತಪ್ಪೆಲ್ಲ ಅವನ ತಲೆಗೇ ಬರುತ್ತಿತ್ತು. ಆದರೆ ಭಾವ ನಾಳೆಯೂ ಯಾವುದೋ ವಿಮಾನದ ಕೆಳಗೆ ಮಲಗುತ್ತಾರೆ. ಇನ್ನೂ ಎರಡು ತಿಂಗಳಿತ್ತು.

“ಅವರಿಗೆ ಕಣ್ಣು ಕಾಣಿಸಲ್ಲ” ಎಂದ. “ಎರಡೂ ಕಣ್ಣಿಗೆ ಪೊರೆ ಬಂದಿದೆ. ನನಗೆ ಐದು ತಿಂಗಳಿಂದ ಗೊತ್ತಿತ್ತು. ನಾನು ಯಾರಿಗೂ ಹೇಳಲಿಲ್ಲ.”

ಮಧ್ಯಾಹ್ನ ಭಾವನನ್ನು ಕರೆದರು. ಅವರು ಯಾರ ಕೈಯನ್ನೂ ಹಿಡಿಯದೆ, ಕುರ್ಚಿಗಳ ಬೆನ್ನು ಎಣಿಸುತ್ತಾ ಮುಂದೆ ನಡೆದರು. ಪಿನ್ನು ಹಾಕಿದ್ದಿರಾ ಎಂದು ಅಧಿಕಾರಿ ಕೇಳಿದಾಗ ಬಲಗೈ ಎತ್ತಿ ತೋರಿಸಿದರು.

“ಹಾಕಿದ್ದೀನಿ ಅಂತ ನನ್ನ ಕೈ ಹೇಳುತ್ತೆ” ಎಂದರು. “ಕಣ್ಣನ್ನ ಕೇಳಬೇಡಿ. ಅದರ ಹತ್ತಿರ ಉತ್ತರ ಇಲ್ಲ.”

ಅಷ್ಟು ಹೇಳಿ, ಬಂದ ದಾರಿಯಲ್ಲೇ ವಾಪಸು ನಡೆದು ಕೂತರು.

ಸೀಲಪ್ಪ ಹೊರಗಿನ ವರಾಂಡದಲ್ಲಿ, ನೀರಿನ ಕ್ಯಾನಿನ ಪಕ್ಕ ನಿಂತಿದ್ದಾಗ ಒಬ್ಬ ಗಂಡಸು ಹತ್ತಿರ ಬಂದ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಒಂದು ಮಗುವಿನ ಸ್ವೆಟರು. ತಾನು ಆ ನರ್ಸಿನ ಗಂಡ ಎಂದ.

“ಒಂದು ವಿಷಯ ಕೇಳಬೇಕಿತ್ತು. ಎದ್ದು ಹೋಗಿ ಆ ಪಿನ್ನು ನೋಡೋಕೆ ಎಷ್ಟು ಹೊತ್ತು ಬೇಕಿತ್ತು?”

“ಎರಡು ನಿಮಿಷ.”

“ಹೋಗಿ ಬರೋದೂ ಸೇರಿ?”

“ಸೇರಿ.”

ಆ ಗಂಡಸು ತಲೆಯಾಡಿಸಿದ. “ನಿಜ ಹೇಳಿದ್ರು ಅಂತ ಒಳಗೆ ಕೆಲವರು ನಿಮ್ಮನ್ನ ಹೊಗಳ್ತಿದ್ದಾರೆ. ನಾನೂ ಹಾಗೆ ಅಂದ್ಕೊಳ್ಳೋಕೆ ನೋಡಿದೆ. ಆಗ್ತಿಲ್ಲ.” ಸ್ವೆಟರನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಹೊರಟುಹೋದ.

ಇಬ್ಬರ ಪರವಾನಗಿಯೂ ರದ್ದಾಯಿತು. ಮುಂದೆ ನಡೆದ ಮೊಕದ್ದಮೆಯಲ್ಲಿ, ವಯಸ್ಸು, ಕಣ್ಣು ನೋಡಿ ನ್ಯಾಯಾಲಯ ಭಾವನನ್ನು ಎಚ್ಚರಿಕೆ ಕೊಟ್ಟು ಬಿಟ್ಟಿತು. ನೋಡದೆ ಸೀಲು ಒತ್ತಿದವನಿಗೆ ಹದಿನಾಲ್ಕು ತಿಂಗಳ ಜೈಲು. ಮ್ಯಾನೇಜರ್‌ಗೆ ಬೇರೆ ಊರಿಗೆ ವರ್ಗವಾಯಿತು, ಅಷ್ಟೇ. ಜೈಲಿಗೆ ಹೆಂಡತಿ ತಿಂಗಳಿಗೆರಡು ಸಲ ಬರುತ್ತಿದ್ದಳು. ಅಕ್ಕನ ವಿಷಯ ಅವನು ಕೇಳುತ್ತಿರಲಿಲ್ಲ, ಅವಳೇ ಹೇಳುತ್ತಿದ್ದಳು. ಭಾವನಿಗೆ ಆಪರೇಷನ್ ಆಯಿತು. ಕಣ್ಣು ಚೆನ್ನಾಗಿ ಬಂದಿದೆ. ಮೊದಮೊದಲು ಮನೆಯಿಂದ ಹೊರಗೆ ಕಾಲಿಡುತ್ತಿರಲಿಲ್ಲ, ಈಗ ವಾರಕ್ಕೊಂದು ದಿನ ಹಳೆಯ ಗೆಳೆಯರೊಬ್ಬರ ಗ್ಯಾರೇಜಿಗೆ ಹೋಗಿ ಕೂತು ಬರುತ್ತಾರೆ. ಯಾವ ಕೆಲಸಕ್ಕೂ ಕೈ ಹಾಕುವುದಿಲ್ಲ. ಅಕ್ಕ ಯಾವತ್ತೂ ಜೈಲಿಗೆ ಬರಲಿಲ್ಲ.

ಬಿಡುಗಡೆಯಾದ ಎರಡನೆಯ ವಾರ ಅವನು ಅಕ್ಕನ ಮನೆಯ ಬಾಗಿಲು ತಟ್ಟಿದ. ಅಕ್ಕ ತೆರೆದಳು. ಬಾ ಎನ್ನಲಿಲ್ಲ, ಹೋಗು ಎನ್ನಲೂ ಇಲ್ಲ. ಒಳಗೆ ಹೋಗಿ ಟೀ ತಂದು ಬಾಗಿಲಲ್ಲೇ ಅವನ ಕೈಗೆ ಕೊಟ್ಟಳು. ಒಳಗೆ ಕೋಣೆಯ ಚಿಲಕ ಬಿದ್ದ ಸದ್ದು ಇಬ್ಬರಿಗೂ ಕೇಳಿಸಿತು.

“ತುಂಬಾ ಇಳಿದುಹೋಗಿದ್ದೀಯ” ಎಂದಳು.

“ಭಾವ ಹೇಗಿದ್ದಾರೆ?”

“ಈಗ ಎಲ್ಲಾ ಕಾಣಿಸುತ್ತೆ. ಪೇಪರಲ್ಲಿ ಬಂದಿದ್ದನ್ನೆಲ್ಲಾ ಕತ್ತರಿಸಿ ಇಟ್ಕೊಂಡಿದ್ದಾರೆ. ಆ ನರ್ಸಿನ ಫೋಟೋ ಇರೋದನ್ನ ದಿನಾ ಓದ್ತಾರೆ. ಬಿಡು ಅಂದ್ರೂ ಬಿಡಲ್ಲ.”

ಅವನು ಟೀ ಕುಡಿದು ಲೋಟ ವಾಪಸು ಕೊಟ್ಟ. ಲೋಟ ತೆಗೆದುಕೊಳ್ಳುವಾಗ ಅಕ್ಕನ ಕೈ ಅವನ ಕೈಗೆ ತಾಗಿತು. ಅವಳು ತಕ್ಷಣ ಹಿಂದೆಗೆಯಲಿಲ್ಲ.

“ನಾನು ಹೇಳಬೇಡ ಅಂದಿದ್ದನ್ನೇ ನೀನು ಹೇಳಿದೆ” ಎಂದಳು. “ಅದನ್ನ ನಾನು ಮರೆಯಲ್ಲ. ಮರೀತೀನಿ ಅಂತ ಕಾಯಬೇಡ.”

“ಇಲ್ಲ ಅಕ್ಕ.”

ಅವನು ಚಪ್ಪಲಿ ಮೆಟ್ಟಿ ಗೇಟಿನವರೆಗೆ ಹೋದ. ಹಿಂದಿನಿಂದ ಅಕ್ಕನ ದನಿ ಬಂತು, ಒಳಗೆ ಕೇಳಿಸದಷ್ಟು ತಗ್ಗಿದ ದನಿ.

“ಗುರುವಾರ ಬಾ. ಹತ್ತು ಗಂಟೆ ಮೇಲೆ. ಗುರುವಾರ ಅವರು ಗ್ಯಾರೇಜಿಗೆ ಹೋಗ್ತಾರೆ.”

ಅಲ್ಲಿಂದ ಮುಂದೆ ಅವನು ಗುರುವಾರಗಳಂದು ಹೋಗುತ್ತಿದ್ದ. ಅಡುಗೆಮನೆಯಲ್ಲಿ ಕೂತು ಅಕ್ಕ ಕೊಟ್ಟದ್ದನ್ನು ಉಣ್ಣುತ್ತಿದ್ದ. ಮಧ್ಯಾಹ್ನ ಒಂದಕ್ಕೆ ಭಾವ ವಾಪಸು ಬರುವ ಮೊದಲು ತಟ್ಟೆ ತೊಳೆದಿಟ್ಟು, ಹಿಂಬಾಗಿಲಿನಿಂದ ಹೊರಟುಬಿಡುತ್ತಿದ್ದ.